ಸಾಕತ್ತೆಯ ಗಂಟಲು ಮತ್ತು ಊರಿನ ಮೋಟಾರುಗಳು

ಮೂವತ್ತಮೂರನೆಯ ವಯಸ್ಸಿಗೇ ನಿವೃತ್ತನಾದ ಮನುಷ್ಯನನ್ನು ನೀವು ನೋಡಿಲ್ಲದಿದ್ದರೆ ಒಮ್ಮೆ ಎಚ್.ಡಿ. ಕೋಟೆಗೆ ಬನ್ನಿ. ಬೆಳಿಗ್ಗೆ ಸೊಂಟದ ಮೇಲೆ ಎರಡು ವರ್ಷದ ಮಗಳನ್ನು ಕೂರಿಸಿಕೊಂಡು, ಅವಳ ಬಾಯಿಗೆ ರಾಗಿ ಸರಿ ಹಾಕುವುದಕ್ಕಾಗಿ ಕಾಗೆ, ನಾಯಿ, ಸರ್ಕಾರಿ ಬಸ್ಸಿನ ಹಾರ್ನ್, ಎದುರುಮನೆ ಮೇಷ್ಟ್ರ ಕೆಮ್ಮು ಎಲ್ಲವನ್ನೂ ಒಂದರ ಹಿಂದೊಂದು ಅಣಕಿಸಿ ಕೂಗುತ್ತಿರುವವನು ಕಂಡರೆ ಅವನೇ ನಾನು, ಮಂಜುನಾಥ. ಹೆಂಡತಿಗೆ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಮಗು ಸಣ್ಣದು, ಇಬ್ಬರಲ್ಲಿ ಒಬ್ಬರು ಮನೆಯಲ್ಲಿರಬೇಕಾಯಿತು. ಅವಳ ಕೆಲಸಕ್ಕೆ ಪಿಂಚಣಿ ಇದೆ, ನನ್ನ ಕೆಲಸಕ್ಕೆ ಪಂಕ್ಚರ್ ಇದೆ. ತೀರ್ಮಾನಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಹುಣಸೂರಿನಲ್ಲಿ ನನಗೆ ಅನ್ನ ಕೊಟ್ಟವರು ಇಮ್ತಿಯಾಜ್ ಸಾಹೇಬರು. ಮೊದಲು ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದರು, ಆಮೇಲೆ ಮೊಬೈಲ್ ಸ್ಟಾರ್ಟರ್ ಮಾರಾಟಕ್ಕೆ ಇಳಿದರು. ಈಗ ಅವರ ಮಗಳು ಶಬಾನಾ ಅಂಗಡಿ ನೋಡಿಕೊಳ್ಳುತ್ತಾಳೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಡಿಪ್ಲೊಮಾ ಮಾಡಿದವಳು, ನನ್ನ ಹಾಗೆ ಶಾಕ್ ಹೊಡೆಸಿಕೊಂಡು ಕಲಿತವಳಲ್ಲ. ಹೊಸದಾಗಿ ಇಬ್ಬರನ್ನು ಕೆಲಸಕ್ಕೆ ಸೇರಿಸಿಕೊಂಡು ನನಗೆ ಫೋನ್ ಮಾಡಿದಳು.

"ಮಂಜಣ್ಣ, ಇವ್ರಿಗೋಸ್ಕರ ನಿಮ್ಮ ಅನುಭವ ಬರ್ದುಕೊಡಿ. ವೈರಿಂಗ್ ಬೇಡ, ಅದು ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದು ಬರೀರಿ."

"ಪುಸ್ತಕದಲ್ಲಿ ಇಲ್ಲದ್ದು ಅಂದ್ರೆ ನಿಮ್ಮಪ್ಪನ ಬೈಗುಳ."

"ಅದೂ ಇರ್ಲಿ. ಅಬ್ಬಾ ಓದಲ್ಲ ಬಿಡಿ, ಕನ್ನಡಕ ಕಳ್ಕೊಂಡಿದ್ದಾರೆ."

ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ. ನನ್ನ ಬಡ್ತಿಯ ವಿಚಾರ ಒಂದೇ ಮಾತಲ್ಲಿ ಮುಗಿಯುತ್ತದೆ: ಮೊದಲು ನಾನು ಸಾಹೇಬರ ಬೈಕಿನ ಹಿಂದೆ ಕೂರುತ್ತಿದ್ದೆ, ಆಮೇಲೆ ಸಾಹೇಬರು ನನ್ನ ಹಿಂದೆ ಕೂತರು.

ಕೆಲಸ ಏನೆಂದರೆ, ರೈತರ ಪಂಪ್‌ಸೆಟ್ಟಿಗೆ ಒಂದು ಡಬ್ಬ ಕೂರಿಸುವುದು. ನಮ್ಮ ಕಡೆ ತ್ರೀಫೇಸ್ ಕರೆಂಟು ನೆಂಟರ ಹಾಗೆ. ಬರುವ ಹೊತ್ತು ಹೇಳುವುದಿಲ್ಲ, ಬಂದರೆ ನಿಲ್ಲುವುದಿಲ್ಲ. ಅದು ಬಂದಾಗ ಯಾರಾದರೂ ಗದ್ದೆಗೆ ಓಡಿ ಗುಂಡಿ ಒತ್ತಬೇಕು. ಕಾಡಂಚಿನಲ್ಲಾದರೆ ಗುಂಡಿ ಒತ್ತಲು ಹೋದವನಿಗೆ ಆನೆ ಎದುರಾಗುವುದೂ ಉಂಟು. ನಮ್ಮ ಡಬ್ಬದೊಳಗೆ ಒಂದು ಸಿಮ್ ಇರುತ್ತದೆ. ರೈತ ಮನೆಯಿಂದಲೇ ಆ ನಂಬರಿಗೆ ಫೋನ್ ಮಾಡಿದರೆ ಮೋಟಾರು ಓಡುತ್ತದೆ, ಡಬ್ಬವೇ ತಿರುಗಿ ಫೋನ್ ಮಾಡಿ ಮೋಟಾರು ಓಡುತ್ತಿದೆಯೆಂದು ಹೇಳುತ್ತದೆ. ಇದು ತಂತ್ರಜ್ಞಾನ. ಬೇರೆಯವರು ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಮಾಡುವುದನ್ನು ನಾವು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಮಾಡುತ್ತಿದ್ದೆವು. ವ್ಯತ್ಯಾಸ ಅಷ್ಟೇ.

ಹೊಸಬರೇ, ಮೊದಲ ಎಡವಟ್ಟನ್ನು ಕೇಳಿ. ಆರಂಭದ ಡಬ್ಬಗಳು ಯಾರು ಫೋನ್ ಮಾಡಿದರೂ ಮೋಟಾರು ಓಡಿಸುತ್ತಿದ್ದವು. ಪಿರಿಯಾಪಟ್ಟಣದ ಕಡೆ ಒಬ್ಬರು ಶುಂಠಿ ಹಾಕಿದ್ದರು. ಶುಂಠಿಗೆ ನೀರು ನಿಂತರೆ ಕೊಳೆರೋಗ ಬರುತ್ತದೆ ಎಂದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ಮೊಬೈಲ್ ಕಂಪನಿಯವರಿಗೆ ಗೊತ್ತಿಲ್ಲ. ಕಾಲರ್ ಟ್ಯೂನ್ ಮಾರುವುದಕ್ಕೆ ಅವರು ಆ ಸಿಮ್ಮಿಗೂ ಮೇಲಿಂದ ಮೇಲೆ ಫೋನ್ ಮಾಡಿದ್ದಾರೆ. ಒಂದೊಂದು ಫೋನಿಗೂ ಮೋಟಾರು ಓಡಿದೆ. ಯಜಮಾನರು ನೆಂಟರ ಮನೆಯಿಂದ ಬಂದು ನೋಡಿದರೆ ಶುಂಠಿ ಏರಿಗಳ ನಡುವೆ ಬಾತುಕೋಳಿ ಬಿಡುವಷ್ಟು ನೀರು.

"ಅಲ್ಲ ಕಣಯ್ಯ, ನನ್ ಮೋಟ್ರುಗೆ ಯಾಕ್ ಸಿನ್ಮಾ ಆಡು? ಅದೇನ್ ಮದ್ವೆ ಗಂಡಾ?" ಎಂದು ಅವರು ಅಂಗಡಿಗೇ ಬಂದು ನಿಂತರು.

ನಾನು ಒಳಗೆ ತಂತಿಯ ಸುರುಳಿಗಳ ಹಿಂದೆ ಅಡಗಿದ್ದೆ. ಸಾಹೇಬರು ಹೊರಗೆಳೆದರು. ಅವರದ್ದೊಂದು ಕ್ರಮವಿತ್ತು, ಯಾರು ಎಂಥ ದೂರು ತಂದರೂ ಮೊದಲು ಟೀ. "ಪೈಲೆ ಚಾ ಕುಡೀರಿ ಯಜಮಾನ್ರೆ. ಈ ಬಡ್ಡಿಮಗನ್ನ ಆಮೇಲೆ ಇಬ್ರೂ ಸೇರ್ಕೊಂಡು ಬಯ್ಯೋಣ." ಟೀ ಮುಗಿದ ಮೇಲೆ ಇಬ್ಬರೂ ನಿಜಕ್ಕೂ ಸೇರಿಕೊಂಡು ಬೈದರು. ಅಂದೇ ಹೋಗಿ ಕಾಲುವೆ ತೋಡಿ ನೀರು ಹೊರಗೆ ಬಿಟ್ಟೆವು. ಪುಣ್ಯಕ್ಕೆ ಶುಂಠಿ ಉಳಿಯಿತು. ಅವತ್ತಿನಿಂದ ಡಬ್ಬ ಮನೆಯವರ ನಂಬರಿಗೆ ಮಾತ್ರ ಕಿವಿಗೊಡುವ ಹಾಗೆ ಮಾಡದೆ ನಾನು ಯಾವ ಗದ್ದೆಯಿಂದಲೂ ಎದ್ದು ಬಂದಿಲ್ಲ.

ಎರಡನೆಯ ತೊಂದರೆ ಡಬ್ಬ ಮಾತಾಡುವ ರೀತಿಯದು. ಕಂಪನಿಯವರು ಯಾರೋ ಹೆಣ್ಣುಮಗಳಿಂದ ಧ್ವನಿ ತುಂಬಿಸಿದ್ದರು. "ಮಾನ್ಯ ಗ್ರಾಹಕರೇ, ತಮ್ಮ ನೀರೆತ್ತುವ ಯಂತ್ರವು ಚಾಲನೆಗೊಂಡಿರುತ್ತದೆ." ಜೇನಿನಲ್ಲಿ ಅದ್ದಿ ತೆಗೆದ ದನಿ. ನಾನು ಹುಟ್ಟಿದ ಊರು ಚುಂಚನಕಟ್ಟೆಯಿಂದ ಸ್ವಲ್ಪ ಆಚೆ, ನಾಲೆಯ ಕೊನೆ ಭಾಗದಲ್ಲಿದೆ. ನಾಲೆ ನೀರು ನಮ್ಮಲ್ಲಿಗೆ ತಲುಪುವ ಹೊತ್ತಿಗೆ ಅದಕ್ಕೇ ಬಾಯಾರಿರುತ್ತದೆ, ಹಾಗಾಗಿ ಎಲ್ಲರಿಗೂ ಬೋರ್‌ವೆಲ್. ಅಲ್ಲಿ ನಾನು ಹಾಕಿದ ಡಬ್ಬಗಳಿಗೆ ಒಂದೇ ದೂರು. ಆ ದನಿ ಕೇಳಿದರೆ ನಿದ್ದೆ ಬರುತ್ತದೆ! ಮೋಟಾರು ಹಾಕಿ, ಆಯಮ್ಮನ ಮಾತು ಕೇಳಿ, ಹಾಯಾಗಿ ಮಲಗುತ್ತಿದ್ದರು. ಗದ್ದೆ ತುಂಬಿ ಬದು ಒಡೆದು ನೀರು ಪಕ್ಕದವನ ಪೈರಿಗೆ ನುಗ್ಗಿ ಜಗಳ. ಒಬ್ಬ ತಾತ ಅಂತೂ ಆಕೆ ಮುಗಿಸುವವರೆಗೆ ಕಾದು "ನಿಂದು ಯಾವೂರವ್ವ?" ಎಂದು ಕೇಳಿ, ಉತ್ತರ ಬರದೆ ಬೇಜಾರು ಮಾಡಿಕೊಂಡಿದ್ದ.

ಡಬ್ಬದ ಮೆಮೊರಿ ಕಾರ್ಡಿಗೆ ನಮಗೆ ಬೇಕಾದ ಧ್ವನಿ ತುಂಬಬಹುದೆಂದು ನನಗೆ ಗೊತ್ತಿತ್ತು. ಮೊದಲು ನನ್ನದೇ ಧ್ವನಿ ಹಾಕಿದೆ. ಯಾರೂ ನಂಬಲಿಲ್ಲ. ಹುಟ್ಟಿದಾಗಿನಿಂದ ಊರಿನ ಅರ್ಧ ಜನರ ದನಿಯಲ್ಲಿ ಅವರ ಹೆಂಡತಿಯರನ್ನು ಕೂಗಿ ಬೇಸ್ತು ಬೀಳಿಸಿದವನು ನಾನು. "ಈ ಮಂಜ ಮೋಟ್ರು ಓಡ್ತದೆ ಅಂದ್ರೆ ನಿಂತದೆ ಅಂತ್ಲೇ ಅರ್ತ" ಎಂದು ಗದ್ದೆಗೆ ಹೋಗಿ ನೋಡಿ ಬರುತ್ತಿದ್ದರು. ಒಂದು ಲೆಕ್ಕದಲ್ಲಿ ಕೆಲಸ ಆಯಿತು, ಆದರೆ ಮರ್ಯಾದೆ ಹೋಯಿತು.

ಆಗ ನೆನಪಾದವಳು ಸಾಕತ್ತೆ.

ಸಾಕಮ್ಮ ನನ್ನ ಸೋದರತ್ತೆ, ಅಪ್ಪನ ತಂಗಿ. ಊರಿನಲ್ಲೇ ಕೊಟ್ಟದ್ದು, ಮೇಲಿನ ಬೀದಿಯಲ್ಲಿ ಮನೆ. ಅವಳು ಗದ್ದೆಯಲ್ಲಿ ನಿಂತು "ಲೇ!" ಎಂದರೆ ಆಚೆ ಬಯಲಿನಲ್ಲಿ ಮೂರು ಜನ ಗಂಡಸರು ತಮ್ಮನ್ನೇ ಎಂದುಕೊಂಡು ಬೀಡಿ ಬಿಸಾಡುತ್ತಾರೆ. ಮಹಿಳಾ ಸಂಘದ ಲೆಕ್ಕದಿಂದ ಹಿಡಿದು ನೀರಿನ ಸರದಿ ಜಗಳದವರೆಗೆ ಎಲ್ಲಾ ಪಂಚಾಯ್ತಿ ಅವಳ ಜಗಲಿಯಲ್ಲೇ. ಆದರೆ ಫೋನ್ ಹಿಡಿದರೆ ಮಾತ್ರ ಅದೇ ಅತ್ತೆ ಹೊಸ ಸೊಸೆ. "ಅಲೋ... ಯಾರು... ಊಟ ಆತಾ..." ಅಂತ ಇಲಿಮರಿ ದನಿ. ಅವಳಿಂದ ರೆಕಾರ್ಡ್ ಮಾಡಿಸುವುದು ಆಗದ ಮಾತು. ನಾನೇ ಅವಳಾದೆ. ಹೊಟ್ಟೆಯಿಂದ ಉಸಿರು ಎಳೆದು ತುಂಬಿಸಿದೆ:

"ಲೇ, ಮೋಟ್ರು ಓಡ್ತದೆ. ಬಿದ್ಕಬ್ಯಾಡ, ಎದ್ದೋಗಿ ಬದ ನೋಡು. ಪಕ್ಕದೋನ್ ಪೈರ್ಗೂ ವಸಿ ಕಣ್ಣಿರ್ಲಿ."

ಮೊದಲ ಸಲ ಆ ಫೋನು ಬಂದವರು ಫೋನ್ ಹಿಡಿದುಕೊಂಡೇ ಗದ್ದೆಗೆ ಓಡಿದರಂತೆ. ವಾರದೊಳಗೆ ಊರಿನ ಎಲ್ಲ ಡಬ್ಬಗಳಿಗೂ ಅದೇ ಬೇಕೆಂದು ಬೇಡಿಕೆ ಬಂತು. ಬದ ಒಡೆಯುವುದು ನಿಂತಿತು. ಜಗಳ ನಿಂತಿತು. ಅತ್ತೆಗೆ ವಿಷಯ ಗೊತ್ತಾಗಿ ನನ್ನನ್ನು ಕರೆಸಿ, ಒಮ್ಮೆ ಕೇಳಿ, "ಇಷ್ಟು ಕೆಟ್ಟದಾಗಿ ಬೈತೀನಾ ನಾನು?" ಎಂದಳು. ಇನ್ನೊಮ್ಮೆ ಹಾಕಿಸಿ ಕೇಳಿದಳು. "ಆದ್ರೂ ಮಾತ್ ಸರ್ಯಾಗೇ ಅದೆ ಬುಡು" ಎಂದಳು.

ಹೀಗೆ ಎರಡು ವರ್ಷ ನಮ್ಮೂರ ಬೋರ್‌ವೆಲ್ಲುಗಳೆಲ್ಲ ನನ್ನ ಅತ್ತೆಯಾಗಿ ಮಾತಾಡಿದವು. ಅಷ್ಟರಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಬಂತು.

ಮೇಲಿನ ಬೀದಿಗೆ ನಲ್ಲಿ ಇದೆ, ನೀರಿಲ್ಲ. ಕೆಳಗಿನ ಬೀದಿ ತುಂಬಿ ಚರಂಡಿಗೆ ಹರಿದ ಮೇಲೆ ಉಳಿದರೆ ಮೇಲಕ್ಕೆ. ಕೇಳಿ ಕೇಳಿ ಬೇಸತ್ತ ಅತ್ತೆ ತಾನೇ ನಿಲ್ಲುತ್ತೇನೆ ಎಂದಳು. ಎದುರಿಗೆ ಬೋರಣ್ಣ. ಎರಡು ಸಲ ಗೆದ್ದವನು, ಕೆಳಗಿನ ಬೀದಿಯವನು, ಕೆಟ್ಟವನೇನಲ್ಲ. ಗೆದ್ದಾಗಲೆಲ್ಲ ಮೇಲಿನ ಬೀದಿಯ ಕಡೆ ಕೈ ಬೀಸಿ ಹೋಗುತ್ತಿದ್ದ, ಅಷ್ಟೆ. ಅತ್ತೆ ನಾಮಪತ್ರ ಕೊಟ್ಟ ದಿನ ಅವನು ಟೀ ಅಂಗಡಿಯಲ್ಲಿ ಕೇಳಿದ.

"ಸಾಕವ್ವ, ಇದು ಎಂಗಸ್ರು ಸೀಟಲ್ವಲ್ಲ?"

"ಗಂಡಸ್ರು ಸೀಟು ಅಂತ್ಲೂ ಬರ್ದಿಲ್ವಲ್ಲ ಬೋರಣ್ಣ."

ಅಲ್ಲಿದ್ದವರು ನಕ್ಕರು. ಆ ನಗು ಬೋರಣ್ಣನಿಗೆ ನಾಟಿರಬೇಕು. ಬಹಿರಂಗ ಪ್ರಚಾರ ಮುಗಿದ ಮಾರನೆಯ ದಿನ ಅವನು ದೂರು ಕೊಟ್ಟ. ಪ್ರಚಾರ ನಿಂತರೂ ಸಾಕಮ್ಮನ ಧ್ವನಿ ಮಾತ್ರ ಮನೆಮನೆಯ ಫೋನಿಗೂ ಬರುತ್ತಿದೆ, ಊರಿನ ಮೋಟಾರುಗಳೆಲ್ಲ ಆಕೆಯ ಪರ ಪ್ರಚಾರ ಮಾಡುತ್ತಿವೆ ಎಂದು.

ನಾವು ನಕ್ಕೆವು. ತಾಲ್ಲೂಕಿನಿಂದ ಚುನಾವಣಾ ಅಧಿಕಾರಿಯ ಜೀಪು ಬಂದಾಗ ನಗು ನಿಂತಿತು. ಪಂಚಾಯ್ತಿ ಕಚೇರಿಯಲ್ಲಿ ವಿಚಾರಣೆ. ಡಬ್ಬ ಮಾರಿದವರೆಂದು ಹುಣಸೂರಿನಿಂದ ಸಾಹೇಬರನ್ನೂ ಕರೆಸಿದರು. ಕೇಸಾದರೆ ಅತ್ತೆ ಗೆದ್ದರೂ ಕೋರ್ಟು ಅಲೆಯಬೇಕು, ಮೇಲಿನ ಬೀದಿಯ ನೀರು ಅಲ್ಲಿಗೆ ಮುಗಿಯಿತು ಎಂದು ತಿಳಿದವರು ಅಂದರು. ಸಾಹೇಬರು ನನ್ನ ಕಿವಿಯಲ್ಲಿ, "ಮಂಜು, ಇಲ್ಲಿ ಚಾ ಕೊಡೋರೂ ಕಾಣ್ತಿಲ್ಲಪ್ಪ" ಎಂದರು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಧಿಕಾರಿ ತಾಳ್ಮೆಯ ಮನುಷ್ಯ. ಒಬ್ಬ ರೈತನಿಂದ ಮೋಟಾರಿಗೆ ಫೋನ್ ಮಾಡಿಸಿ, ತಿರುಗಿ ಬಂದ ಕರೆಯನ್ನು ಸ್ಪೀಕರಿಗೆ ಹಾಕಿಸಿ ಕೇಳಿದರು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ಇದು ನಿಮ್ಮ ಧ್ವನಿ ತಾನೇನಮ್ಮ?"

"ನನ್ನಂಗೇ ಅದೆ ಸ್ವಾಮಿ. ಆದ್ರೆ ನಾನಲ್ಲ."

"ಹಾಗಂದ್ರೆ?"

"ನಮ್ಮಣ್ಣನ ಮಗ. ಅಗೋ, ಬಾಗ್ಲಲ್ಲಿ ಪೊರ್ಕೆಕಡ್ಡಿ ಅಂಗೆ ನಿಂತವ್ನಲ್ಲ, ಅವುನ್ದು."

ಬೋರಣ್ಣ ಎದ್ದ. "ಸುಳ್ಳು ಸಾರ್! ಗಂಡ್ಸು ಗಂಟ್ಲಲ್ಲಿ ಆ ಸದ್ದು ಬತ್ತದಾ?"

ಅಧಿಕಾರಿ ನನ್ನನ್ನು ಕರೆದು, "ಮಾಡಿ ತೋರಿಸಪ್ಪ" ಎಂದರು. ಕಚೇರಿ ತುಂಬ ಜನ. ಕಿಟಕಿಗಳಲ್ಲೂ ಮುಖಗಳು. ಜೀವಮಾನವಿಡೀ ಯಾರೂ ಕೇಳದೆ ಮಾಡಿದ್ದನ್ನು ಅವತ್ತು ಸರ್ಕಾರವೇ ಕೇಳುತ್ತಿತ್ತು. ಬಾಯಿ ತೆರೆದೆ. ಬಾಗಿಲ ಸಂದಿಗೆ ಸಿಕ್ಕ ಬೆಕ್ಕಿನ ಸದ್ದು ಬಂತು. ಜನ ಗೊಳ್ಳೆಂದರು. ಬೋರಣ್ಣನ ಮೀಸೆ ಅಗಲವಾಯಿತು.

"ಲೇ ಮಂಜ," ಅತ್ತೆ ಕೂತಲ್ಲಿಂದಲೇ ಹಲ್ಲು ಕಚ್ಚಿದಳು, "ನನ್ ಮರ್ವಾದೆ ಕಳೀಬ್ಯಾಡ ಕಣ್ಲಾ. ಗಂಟ್ಲಿಂದಲ್ಲ, ವಟ್ಟೆಯಿಂದ ತಗಿ!"

ತನ್ನನ್ನು ಅಣಕಿಸುವುದನ್ನು ತಾನೇ ಹೇಳಿಕೊಟ್ಟ ಅಭ್ಯರ್ಥಿ ಇನ್ನೊಬ್ಬಳು ಇರಲಾರಳು. ಕಣ್ಣು ಮುಚ್ಚಿದೆ. ಹೊಟ್ಟೆಯಿಂದ ತೆಗೆದೆ. "ಲೇ, ಮೋಟ್ರು ಓಡ್ತದೆ. ಬಿದ್ಕಬ್ಯಾಡ, ಎದ್ದೋಗಿ ಬದ ನೋಡು!"

ಅಧಿಕಾರಿ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. ಎದ್ದದ್ದು ಗೊತ್ತಾಗಿ, ಪ್ಯಾಂಟು ಸರಿಮಾಡಿಕೊಳ್ಳುವವರ ಹಾಗೆ ನಟಿಸಿ ಕೂತರು. ಆಮೇಲೆ ಬೋರಣ್ಣನನ್ನು ಕೇಳಿದರು. "ನಿಮ್ಮ ಮೋಟಾರಿಗೂ ಈ ಡಬ್ಬ ಇದೆಯಾ?"

"ಅದೆ ಸಾರ್."

"ಅದರಲ್ಲಿ ಯಾರ ಧ್ವನಿ?"

ಬೋರಣ್ಣ ಗೋಡೆ ನೋಡಿದ. "ಇದೇಯ."

"ತೆಗೆಸಲಿಲ್ಲವೇ?"

"ಇಲ್ದಿದ್ರೆ ನಂಗೆ ಎಚ್ರಾಗಕಿಲ್ಲ ಸಾರ್."

ಸಾಹೇಬರು ಕೆಮ್ಮುವ ನೆಪದಲ್ಲಿ ಹೊರಗೆ ಹೋದರು. ಅಧಿಕಾರಿ ನಗಲಿಲ್ಲ, ಆದರೆ ನಗದಿರುವುದಕ್ಕೆ ತುಂಬ ಕಷ್ಟಪಟ್ಟರು. "ಜನರನ್ನ ಬೈದು ಮತ ಕೇಳಿದವರನ್ನ ನಾನಂತೂ ನೋಡಿಲ್ಲ. ಕೇಸು ಬೇಡ. ಆದ್ರೆ ಕೇಳಿದವರಿಗೆ ಇದು ಅಭ್ಯರ್ಥಿಯ ಧ್ವನಿಯೇ. ಮತದಾನ ಮುಗಿಯೋ ತನಕ ಯಾವ ಡಬ್ಬದಲ್ಲೂ ಇದು ಕೇಳಿಸಬಾರದು. ಇವತ್ತೇ ಬದಲಾಯಿಸಿ."

ನ್ಯಾಯವಾದ ಮಾತು. ಸಾಹೇಬರೂ ನಾನೂ ಬೈಕು ಹತ್ತಿ ಗದ್ದೆಯಿಂದ ಗದ್ದೆಗೆ ಹೋಗಿ ಜೇನುದನಿಯ ಹೆಣ್ಣುಮಗಳನ್ನು ವಾಪಸು ಕೂರಿಸಿದೆವು. ಕೊನೆಗೆ ಉಳಿದದ್ದು ಬೋರಣ್ಣನ ಗದ್ದೆ. ಅವನೇ ಡಬ್ಬಕ್ಕೆ ಅಡ್ಡ ನಿಂತಿದ್ದ.

"ಮಂಜ, ನಂದೊಂದ್ ಇರ್ಲಿ ಬುಡ್ಲಾ. ಯಾರ್ಗೂ ಗೊತ್ತಾಗಕಿಲ್ಲ."

"ಕಂಪ್ಲೇಂಟ್ ನಿಮ್ದೇ ಅಲ್ವಾ ಬೋರಣ್ಣ?"

"ನಾನ್ ಯೋಳಿದ್ದು ಊರೋರ್ದು ತಗೀರಿ ಅಂತ."

ನನಗೂ ಆಸೆಯಾಯಿತು. ಸಾಹೇಬರು ಬಿಡಲಿಲ್ಲ. "ರೂಲ್ ಅಂದ್ರೆ ಎಲ್ಲರ್ಗೂ ಒಂದೇ ಯಜಮಾನ್ರೆ. ನಿಮಗೆ ಬಿಟ್ರೆ ನಾಳೆ ನಮ್ಮನ್ನ ಯಾರು ನಂಬ್ತಾರೆ?" ಶಬಾನಾ, ನಿಮ್ಮಪ್ಪ ಜೀವಮಾನದಲ್ಲಿ ನನಗೆ ಕೊಟ್ಟ ಪಾಠಗಳಲ್ಲಿ ಬೈಗುಳವಿಲ್ಲದ್ದು ಇದೊಂದೇ.

ಮತದಾನದ ದಿನ ಬೆಳಗಿನ ಜಾವವೇ ಕರೆಂಟು ಬಂತು. ಊರವರು ಹಾಸಿಗೆಯಿಂದಲೇ ಮೋಟಾರು ಹಾಕಿದರು. "ಮಾನ್ಯ ಗ್ರಾಹಕರೇ" ಎಂದಳು ಆಕೆ. ಮಾನ್ಯ ಗ್ರಾಹಕರು ಮಗ್ಗುಲು ಬದಲಾಯಿಸಿ ಗೊರಕೆ ಹೊಡೆದರು. ಬಿಸಿಲೇರುವ ಹೊತ್ತಿಗೆ ಬಯಲಿನಲ್ಲಿ ಕಂಡಕಂಡಲ್ಲಿ ಬದ ಕಿತ್ತುಹೋಗಿತ್ತು. ಮತಗಟ್ಟೆಯ ಸಾಲಿನಲ್ಲಿ ನಿಂತವರ ಕಾಲೆಲ್ಲ ಮಂಡಿವರೆಗೆ ಕೆಸರು. ಒಳಗಿದ್ದ ಸಿಬ್ಬಂದಿ, ಇವತ್ತು ನಾಟಿ ಹಬ್ಬವೇನಾದರೂ ಇದೆಯಾ ಎಂದು ಕೇಳಿದರಂತೆ. ಸಾಲಿನಲ್ಲಿ ಯಾರೂ ಯಾರ ಪರವಾಗಿಯೂ ಮಾತಾಡುವಂತಿರಲಿಲ್ಲ. ಆದರೆ ಹಾಳಾದ ಬದುವಿನ ಬಗ್ಗೆ ಮಾತಾಡಬಾರದೆಂದು ಯಾವ ರೂಲೂ ಇರಲಿಲ್ಲ. ಬೆಳಗಿನಿಂದ ಸಂಜೆವರೆಗೆ ಸಾಲು ಅದೊಂದನ್ನೇ ಮಾತಾಡಿತು.

ಬೋರಣ್ಣ ಅವತ್ತು ಮತಗಟ್ಟೆಯ ಹೊರಗೆ ಕೈಮುಗಿದು ನಿಲ್ಲಬೇಕಾಗಿತ್ತು. ಅದರ ಬದಲು ಗದ್ದೆಯಲ್ಲಿ ಸನಿಕೆ ಹಿಡಿದು ಬದ ಕಟ್ಟುತ್ತಿದ್ದ. ಅವನ ನೀರು ನುಗ್ಗಿದ್ದು ಅತ್ತೆಯ ಪೈರಿಗೇ. ಅವಳೂ ಓಟು ಹಾಕಿ ಬಂದು, ಸೀರೆ ಎತ್ತಿ ಕಟ್ಟಿ, ಆಚೆ ಬದಿಯಿಂದ ಮಣ್ಣು ಹಾಕುತ್ತಿದ್ದಳು. ಇಬ್ಬರೂ ಸೇರಿ ಬದವನ್ನು ಗಟ್ಟಿಯಾಗಿ ಕಟ್ಟಿದರು.

ಎಣಿಕೆ ಕೆ.ಆರ್. ನಗರದಲ್ಲಿ. ಅತ್ತೆ ಬರಲಿಲ್ಲ, ಕಳೆ ಕೀಳುವುದಿದೆ ಎಂದಳು. ಕೂದಲೆಳೆಯಲ್ಲಿ ಗೆದ್ದಳು. ನಾನು ಹಾರಿಕೊಂಡು ಗದ್ದೆಗೆ ಬಂದು ಹೇಳಿದಾಗ ಅವಳು ಬದುವಿನ ಮೇಲೆ ಕೂತು, ಕೈಯ ಕೆಸರು ಒರೆಸಿಕೊಂಡು, ಮೇಲಿನ ಬೀದಿಯ ಕಡೆ ನೋಡಿದಳು. ಆ ನೋಟವನ್ನು ಅಣಕಿಸಲು ನನಗೆ ಇವತ್ತಿಗೂ ಬಂದಿಲ್ಲ.

"ಅತ್ತೆ, ನಾಳೆಯಿಂದ ಡಬ್ಬಕ್ಕೆಲ್ಲ ನಿನ್ ದನಿ ಆಕ್ಬುಡ್ತೀನಿ. ಊರೇ ಕಾಯ್ತಾ ಅದೆ."

"ಬ್ಯಾಡ."

"ಯಾಕೆ? ಈಗ ಯಾರೂ ಕೇಳಕಿಲ್ಲ."

"ಓಟ್ ಕೊಟ್ಟೋರ್ನ ಬೈಯಾಕಾಯ್ತದೇನ್ಲಾ? ಇನ್ ಐದ್ ವರ್ಸ ಬೈಯೋದು ಅವ್ರ ಸರ್ದಿ. ಕೇಳೋದು ನಂದು."

ರಾಜಕೀಯದ ಬಗ್ಗೆ ಟೀವಿಯಲ್ಲಿ ಕಿರುಚಾಡುವವರ ದನಿಯನ್ನೆಲ್ಲ ನಾನು ಅನುಕರಿಸಬಲ್ಲೆ. ಇಷ್ಟು ಸಣ್ಣ ಮಾತನ್ನು ಅವರಲ್ಲಿ ಒಬ್ಬರೂ ಆಡಿದ್ದು ಕೇಳಿಲ್ಲ.

ಹಾಗಾಗಿ ಕೆಲಸದ ಕ್ರಮ ಬದಲಾಯಿತು. ಒಂದೇ ಗಂಟಲು ಊರಿಗೆಲ್ಲ ಬೇಡ, ಅವರವರ ಮನೆಯವರದೇ ಅವರವರ ಡಬ್ಬಕ್ಕೆ ಎಂದು ಹೇಳಿದೆ. ಹೆಂಗಸರು, ಅಜ್ಜಿಯರು ಸಾಲುಗಟ್ಟಿ ಬಂದರು. ಮನೆಯಲ್ಲಿ ತುಟಿ ಬಿಚ್ಚದ ಸೊಸೆಯೊಬ್ಬಳು ಮಾವನ ಡಬ್ಬಕ್ಕೆ ತುಂಬಿಸಿದ ಮಾತು ಕೇಳಿ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ಬೋರಣ್ಣ ಹೆಂಡತಿಯನ್ನು ಕರೆತಂದು, "ಇವ್ಳಿಗೆ ನೀನೇನೂ ಯೋಳ್ಕೊಡ್ಬ್ಯಾಡ, ಬತ್ತದೆ" ಎಂದ. ಹೊಸಬರೇ, ನೀವೂ ಹಾಗೇ ಮಾಡಿ. ಡಬ್ಬ ಯಾರದೋ ಆಗಿರಲಿ, ದನಿ ಆ ಮನೆಯದಾಗಿರಲಿ.

ಇದಕ್ಕೆಲ್ಲ ಮೊದಲು, ಅತ್ತೆ ಮೆಂಬರಾದ ಮಾರನೆಯ ಬೆಳಿಗ್ಗೆ, ಅವಳ ಜಗಲಿಯ ಮೇಲೆ ನಾವಿಬ್ಬರೂ ಕಾಫಿ ಕುಡಿಯುತ್ತಿದ್ದೆವು. ಅದೇ ಬೀದಿಯ ಜಯಮ್ಮ ಖಾಲಿ ಕೊಡವನ್ನು ಸೊಂಟಕ್ಕೆ ಒತ್ತಿಕೊಂಡು ಬಂದು ಎದುರಿಗೆ ನಿಂತಳು. ಅತ್ತೆಯ ಎದುರು ಯಾವತ್ತೂ ತಗ್ಗಿದ ದನಿಯಲ್ಲೇ ಮಾತಾಡಿದವಳು.

"ಏನವ್ವ ಸಾಕವ್ವ, ಗೆದ್ಬುಟ್ಟು ಕಾಪಿ ಕುಡ್ಕಂಡ್ ಕೂತ್ಬುಟ್ರೆ ಆತಾ? ನಲ್ಲಿ ಬಾಯ್ ಒಣ್ಗಿ ನಿಂತದೆ. ಎದ್ದು ಬಂದ್ ನೋಡು!"

ಅತ್ತೆ ಬಾಯಿ ತೆರೆದಳು. ಮುಂದೇನು ಬರುತ್ತದೆಂದು ನನಗೂ ಗೊತ್ತು, ಜಯಮ್ಮನಿಗೂ ಗೊತ್ತು, ಬೀದಿಗೆಲ್ಲ ಗೊತ್ತು. ಜಯಮ್ಮ ಕೊಡ ಬಿಗಿಯಾಗಿ ಹಿಡಿದುಕೊಂಡಳು. ಅತ್ತೆ ಬಾಯಿ ಮುಚ್ಚಿದಳು. ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ನಾನು ಆಚೆ ತಿರುಗಿ ನಗು ನುಂಗುತ್ತಿದ್ದೆ.

"ಕಿಸಿಯೋದ್ ಬುಟ್ಟು ಗಾಡಿ ತಗೀಲಾ. ಟ್ಯಾಂಕ್ ತಾವಿಂದ್ಲೇ ನೋಡ್ಕಂಡ್ ಬರಾನ."

ಗಾಡಿ ತೆಗೆದೆ. ಅತ್ತೆ ಹಿಂದೆ ಕೂತಳು. ಬೀದಿಯ ತಿರುವಿನವರೆಗೂ ಜಯಮ್ಮ ಬೈಯುತ್ತಲೇ ಇದ್ದಳು. ಪಕ್ಕದ ಮನೆಯಿಂದ ಇನ್ನೊಬ್ಬಳೂ ಸೇರಿಕೊಂಡಳು. ಅತ್ತೆ ನನ್ನ ಭುಜ ಹಿಡಿದು, "ಮೆಲ್ಲಕೆ ಓಡ್ಸು ಕಣ್ಲಾ, ಏನಂತಾವ್ರೆ ಕೇಳಾನ" ಎಂದಳು.